ಹಂಪಣ್ಣನ ಅಳತೆಯ ಟೇಬಲ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ಇನ್ನೊಬ್ಬರ ಬೆನ್ನಿನ ಕಥೆ, ಮತ್ತು ಆ ಬೆನ್ನು ಇನ್ನೂ ಇದೇ ಊರಿನಲ್ಲಿ ಓಡಾಡಿಕೊಂಡಿದೆ. ದಿನವಿಡೀ ನಿಂತು ಬಟ್ಟೆ ಕತ್ತರಿಸಿದವರು ಹೇಳಬೇಕಾದ್ದನ್ನು ಕೂತು ಬರೆಯುವವನು ಹೇಳಬಹುದೇ ಎಂದು ಬಹಳ ಸಲ ಕೇಳಿಕೊಂಡೆ; ಹೌದು ಎನ್ನುವ ಉತ್ತರ ಎಲ್ಲಿಂದಲೂ ಬರಲಿಲ್ಲ. ಆದರೆ ಹೇಳದೆ ಬಿಟ್ಟರೆ ರಾಯದುರ್ಗದ ಜನ ಇದನ್ನು ಟೀ ಅಂಗಡಿಯ ನಗೆಮಾತಾಗಿಯೇ ಉಳಿಸಿಕೊಳ್ಳುತ್ತಾರೆ. ಅದಕ್ಕೆ ಈ ಧೈರ್ಯ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಕೇಳಬೇಕು.

ಆಂಧ್ರದ ಅಂಚಿನಲ್ಲಿರುವ ರಾಯದುರ್ಗದ ಓಣಿಗಳಲ್ಲಿ ಹೊಲಿಗೆ ಮಷಿನ್ನಿನ ಸದ್ದಿಲ್ಲದ ಮನೆಯೇ ಇಲ್ಲ ಎನ್ನುವಂತಿದ್ದ ವರ್ಷಗಳವು. ಮಳೆ ನಂಬಿ ಕೂತಿದ್ದವರೆಲ್ಲ ಜೀನ್ಸ್ ನಂಬಿ ಎದ್ದಿದ್ದರು. ಕಣೇಕಲ್ಲಿನಿಂದ, ಡಿ. ಹಿರೇಹಾಳಿನಿಂದ ಹೆಂಗಸರು ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ದೂರದ ಮಡಕಶಿರದ ಕಡೆಯವರು ಇಲ್ಲೇ ಬಾಡಿಗೆ ಕೋಣೆ ಹಿಡಿದು ಉಳಿಯುತ್ತಿದ್ದರು. ಬೆಟ್ಟದ ಬುಡದಲ್ಲಿ ಭಾನುಪ್ರಕಾಶ್ ಎಂಬ ಮಾಲೀಕನ ಶೆಡ್ಡಿತ್ತು. ಆ ಶೆಡ್ಡಿನ ಕಟಿಂಗ್ ಮಾಸ್ಟರ್ ಹಂಪಣ್ಣ.

ಜೀನ್ಸ್ ಶೆಡ್ಡಿನಲ್ಲಿ ಎಲ್ಲರಿಗೂ ಕೂರಲು ಏನಾದರೊಂದು ಇರುತ್ತದೆ. ಹೊಲಿಯುವವರಿಗೆ ಸ್ಟೂಲು, ದಾರ ಕತ್ತರಿಸುವ ಹೆಂಗಸರಿಗೆ ಚಾಪೆ, ಮಾಲೀಕನಿಗೆ ತಿರುಗುವ ಕುರ್ಚಿ. ಕಟಿಂಗ್ ಮಾಸ್ಟರನಿಗೆ ಮಾತ್ರ ತನ್ನ ಕಾಲೇ ಗತಿ. ಉದ್ದನೆಯ ಟೇಬಲ್ಲಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನೆಟ್ಟಗೆ ನಿಲ್ಲುವ ಅಲಗಿನ ಕರೆಂಟ್ ಮಷಿನ್ನನ್ನು ಆ ಗೆರೆಯ ಮೇಲೆ ತಳ್ಳಿಕೊಂಡು ಅವನು ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿರಬೇಕು. ಗೆರೆ ಬೆರಳಷ್ಟು ತಪ್ಪಿದರೆ ಕೆಳಗಿರುವ ಎಲ್ಲ ಪದರವೂ ಅಷ್ಟೇ ತಪ್ಪುತ್ತದೆ.

ಅದಕ್ಕೇ ಆ ಓಣಿಯ ಶೆಡ್ಡುಗಳಲ್ಲಿ ಒಂದು ಪದ್ಧತಿ ಇತ್ತು. ಟೇಬಲ್ ಮಾಡಿಸುವಾಗ ಮಾಸ್ಟರನನ್ನು ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸಿ, ಅವನ ಸೊಂಟದ ಮೂಳೆ ಎಲ್ಲಿ ಬರುತ್ತದೋ ಅಲ್ಲಿಗೆ ಟೇಬಲ್ಲಿನ ಎತ್ತರ ಹಿಡಿಯುವುದು. ಆಮೇಲೆ ತೆಂಗಿನಕಾಯಿ ಒಡೆಯುವುದು. ಯಾರ ಮೂಳೆಗೆ ಅಳತೆ ಹಿಡಿದರೋ ಟೇಬಲ್ ಇರುವ ತನಕ ಅವನೇ ಮಾಸ್ಟರ್. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

ಹಂಪಣ್ಣ ಒಂದು ಕಾಲಕ್ಕೆ ಎತ್ತರದ ಆಳು. ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದ. ಊರಲ್ಲಿ ಅವನಿಗೆ ಉದ್ದ ಹಂಪಣ್ಣ ಎಂದೇ ಹೆಸರು. ಬರಿಯ ಹಂಪಣ್ಣ ಎಂದರೆ ಯಾವ ಹಂಪಣ್ಣ ಎಂದು ಕೇಳುತ್ತಿದ್ದರು. ಭಾನುಪ್ರಕಾಶನ ಅಪ್ಪ ಇದ್ದಾಗ ಹಂಪಣ್ಣನ ಮೂಳೆಗೆ ಒಂದು ಮರದ ಟೇಬಲ್ ಮಾಡಿಸಿದ್ದರು. ಆ ಟೇಬಲ್ಲಿನ ಕಾಲುಗಳಿಗೆ ಗೆದ್ದಲು ಹತ್ತಿ, ಟೊಳ್ಳಾದ ಭಾಗವನ್ನು ಆಗೊಮ್ಮೆ ಈಗೊಮ್ಮೆ ಕೊಯ್ದು ತೆಗೆದಿದ್ದರು. ಹಂಪಣ್ಣನ ಬೆನ್ನೂ ಮೊಣಕಾಲೂ ಅದೇ ವರ್ಷಗಳಲ್ಲಿ ಬಗ್ಗುತ್ತ ಬಂದಿದ್ದವು. ಟೇಬಲ್ಲೂ ಮಾಸ್ಟರೂ ಜೊತೆಜೊತೆಗೇ ಕುಗ್ಗಿದ್ದರಿಂದ, ತಾನು ಕುಗ್ಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಈಗಲೂ ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದ. ಬಗ್ಗಿಸುವ ಅಗತ್ಯ ಇರಲಿಲ್ಲ.

ಆ ವರ್ಷ ದಪ್ಪ ಡೆನಿಮ್ಮಿನ ದೊಡ್ಡ ಆರ್ಡರ್ ಬಂತು. ಹೆಚ್ಚು ಪದರ ಹಾಸಬೇಕು, ಹೊಸ ಮಷಿನ್ನೂ ಭಾರದ್ದು. ಮರದ ಟೇಬಲ್ಲು ನಡುವೆ ಹಗ್ಗದ ಮಂಚದ ಹಾಗೆ ತಗ್ಗಿಬಿಟ್ಟಿತು. ಮೇಲಿನ ಪದರದ ಪ್ಯಾಂಟಿಗೂ ಕೆಳಗಿನ ಪದರದ ಪ್ಯಾಂಟಿಗೂ ಅಳತೆ ಕೂಡಲಿಲ್ಲ.

"ಹೊಸಾ ಟೇಬಲ್ ತರೂನು ಮಾಸ್ಟರ್," ಎಂದ ಭಾನುಪ್ರಕಾಶ್. "ಆನೆ ಹತ್ತಿ ನಿಂತ್ರೂ ಅಲುಗಬಾರದು, ಅಂಥದ್ದು. ನೀವೇ ಬಂದು ಆರಿಸ್ರಿ. ನಿಮ್ಮ ಮಾತೇ ಫೈನಲ್."

ದಾರ ಕತ್ತರಿಸುತ್ತ ಚಾಪೆಯ ಮೇಲೆ ಕೂತಿದ್ದ ಚೌಡೇಶ್ವರಿ ತಲೆ ಎತ್ತಲಿಲ್ಲ. ಅವಳ ಬಾಯಿಗೂ ಅವಳ ಕೈಯ ಕತ್ತರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. "ಹಂಪಣ್ಣ ಮಾವ, ಹುಷಾರು," ಎಂದಳು. "ಹಿಂದಿನ ಓಣ್ಯಾಗ ಹಳೇ ಟೇಬಲ್ ಗುಜರಿಗೆ ಹಾಕಿದಾಗ ಹಳೇ ಮಾಸ್ಟರನ್ನೂ ಅದರ ಮ್ಯಾಲ ಕುಂದ್ರಿಸಿ ಕಳಿಸ್ಯಾರಂತ."

ಹೆಂಗಸರೆಲ್ಲ ನಕ್ಕರು. ಹಂಪಣ್ಣನೂ ನಕ್ಕ. ಆದರೆ ಹಿಂದಿನ ಓಣಿಯಲ್ಲಿ ನಡೆದದ್ದು ನಿಜವಾಗಿತ್ತು. ಅಲ್ಲಿ ಹೊಸ ಟೇಬಲ್ಲಿಗೆ ಹೊಸ ಮೂಳೆಯ ಅಳತೆ ಹಿಡಿದಿದ್ದರು. ಹಳೆಯ ಮಾಸ್ಟರ್ ಈಗ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುತ್ತಿದ್ದ.

ಭಾನುಪ್ರಕಾಶನ ವ್ಯಾನಿನಲ್ಲಿ ಮೂವರು ಬಳ್ಳಾರಿಗೆ ಹೊರಟರು. ಮೂರನೆಯವನು ಅಂಜಿನಿ. ಮಡಕಶಿರದ ಹತ್ತಿರದ ಹೇಮಾವತಿ ಊರಿನವನು, ಮೂವತ್ತು ದಾಟಿದವನು, ಊರಲ್ಲಿ ಹೆಂಡತಿ ಕೃಷ್ಣವೇಣಿ ಇದ್ದಳು. ಮೊದಲು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದು, ಅಲ್ಲಿನ ಸೂಪರ್‌ವೈಸರನ ಬೈಗಳು ಸಾಕಾಗಿ ಇಲ್ಲಿಗೆ ಬಂದಿದ್ದ. ಹಂಪಣ್ಣನ ಎದುರು ತುದಿಯಲ್ಲಿ ನಿಂತು ಬಟ್ಟೆ ಹಾಸುವುದು ಅವನ ಕೆಲಸ. ಕತ್ತರಿಸುವುದನ್ನೂ ಹಂಪಣ್ಣನೇ ಕಲಿಸಿದ್ದ. ಭಾನುವಾರ ಊಟ ಹಂಪಣ್ಣನ ಮನೆಯಲ್ಲಿ. ಹಂಪಣ್ಣನ ಹೆಂಡತಿ ಪಂಪಮ್ಮನನ್ನು ಅಕ್ಕಾ ಎಂದು ಕರೆಯುತ್ತಿದ್ದ. ಅಂಜಿನಿ ಎತ್ತರದ ಆಳು. ವ್ಯಾನಿನಲ್ಲಿ ಅವನ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು. ಡಿ. ಹಿರೇಹಾಳು ದಾಟುವವರೆಗೂ ಹಂಪಣ್ಣ ಆ ಮೊಣಕಾಲನ್ನೇ ನೋಡುತ್ತ ಕೂತಿದ್ದ.

ಬಳ್ಳಾರಿಯ ಅಂಗಡಿಯವನು ಮೊದಲು ಪ್ಲೈವುಡ್ಡಿನ ಟೇಬಲ್ ತೋರಿಸಿದ. ಹಂಪಣ್ಣ ಒಂದು ಲೋಟ ನೀರು ಕೇಳಿ ಟೇಬಲ್ಲಿನ ನಡುವೆ ಇಟ್ಟ. ಬದಿಗೆ ನಿಂತು ಸೊಂಟದಿಂದ ಒಮ್ಮೆ ಗುದ್ದಿದ. ನೀರು ತುಳುಕಿತು.

"ಇದು ಬ್ಯಾಡ್ರಿ. ಮಷಿನ್ ಓಡಿದ್ರ ಇದೂ ಓಡತೈತಿ."

ಆಮೇಲೆ ಅಂಗಡಿಯವನು ಒಳಗಿನ ಕೋಣೆಗೆ ಕರೆದೊಯ್ದ. ಅಲ್ಲಿ ಕಪ್ಪು ಕಬ್ಬಿಣದ ಕಾಲಿನ, ಬಾಗಿಲಿನಷ್ಟು ದಪ್ಪ ಹಲಗೆಯ ಟೇಬಲ್ ಇತ್ತು. ಬದಿಯಲ್ಲೊಂದು ಗುಂಡಿ. ಒತ್ತಿದರೆ ಗುಂಯ್ ಎನ್ನುತ್ತ ಟೇಬಲ್ ಮೇಲೇಳುತ್ತಿತ್ತು, ಇನ್ನೊಂದನ್ನು ಒತ್ತಿದರೆ ಇಳಿಯುತ್ತಿತ್ತು. ನಿಂತು ಕೆಲಸ ಮಾಡುವವರಿಗೆಂದೇ ಬಂದದ್ದು, ಎಂಥ ಭಾರ ಹಾಕಿದರೂ ತಡೆಯುತ್ತದೆ, ಬೇಕಾದಷ್ಟು ಉದ್ದಕ್ಕೆ ಜೋಡಿಸಿಕೊಡುತ್ತೇವೆ ಎಂದ ಅಂಗಡಿಯವನು. ಭಾನುಪ್ರಕಾಶ್ ಗುಂಡಿ ಬಿಡಲೊಲ್ಲ. ಮೇಲೆ, ಕೆಳಗೆ, ಮೇಲೆ.

"ಭಲೇ ಉಂದಿ!" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡ. "ನೋಡ್ರಿ ಮಾಸ್ಟರ್, ಟೇಬಲ್ಲೇ ನಮಸ್ಕಾರ ಮಾಡತೈತಿ."

ಅಂಜಿನಿ ಹಲಗೆಯ ಮೇಲೆ ಕೈ ಸವರಿದ. "ಇದೇ ಚೆನ್ನಾಗೈತೆ ಮಾಸ್ಟ್ರೇ. ನೀವು ಕೊಯ್ಯುವಾಗ ನಿಮ್ ಮಟ್ಟಕ್ಕೆ ಇಕ್ಕಳಿ, ನಾನು ಕೊಯ್ಯುವಾಗ ನನ್ ಮಟ್ಟಕ್ಕೆ. ಬೆನ್ನು ನೋಯಾದೇ ಇಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಹಂಪಣ್ಣನ ಕಿವಿಗೆ ಬಿದ್ದದ್ದು ಒಂದೇ: ನಾನು ಕೊಯ್ಯುವಾಗ. ಎಲ್ಲರ ಮಟ್ಟಕ್ಕೂ ಇಳಿಯುವ ಟೇಬಲ್ಲಿಗೆ ಮೂಳೆಯ ಅಳತೆ ಯಾಕೆ ಬೇಕು? ಅಳತೆಯೇ ಇಲ್ಲದ ಮೇಲೆ ಮಾಸ್ಟರ್ ಯಾರು? ಗುಂಡಿ ಒತ್ತಿದವನು ಮಾಸ್ಟರ್.

ಅವನು ಟೇಬಲ್ಲನ್ನು ಪೂರಾ ಮೇಲಕ್ಕೆ ಎತ್ತಿಸಿದ. ಲೋಟ ಇಟ್ಟ. ಸೊಂಟದಿಂದ ಗುದ್ದಿದ. ನೀರಿನ ಮೇಲೆ ಸಣ್ಣದೊಂದು ಅಲೆ ಎದ್ದು ಅಂಚಿಗೆ ಹೋಗಿ ನಿಂತಿತು.

"ನೋಡಿದ್ರಿಲ್ಲ?" ಎಂದ. "ಅಲುಗಾಕತ್ತೈತಿ. ಎಲ್ಲಾರಿಗೂ ಬಗ್ಗೋ ಕಾಲಿಗೆ ಗಟ್ಟಿ ಎಲ್ಲಿಂದ ಬರಬೇಕ್ರಿ? ಕುಣಿಯೋ ಟೇಬಲ್ ಇದು. ನಾಟಕದ ಕಂಪನಿಗೆ ಕೊಡ್ರಿ."

ತನ್ನ ಮಟ್ಟಕ್ಕೆ ಇಳಿಸಿದಾಗ ಅದೇ ಟೇಬಲ್ ಬಂಡೆಯ ಹಾಗೆ ನಿಂತಿದ್ದನ್ನು ಅವನು ಅಂಗೈಯಲ್ಲೇ ಗುರುತಿಸಿದ್ದ. ಇಳಿಸಿ ಲೋಟ ಇಡಲಿಲ್ಲ. ಭಾನುಪ್ರಕಾಶ್ ಗುಂಡಿಯ ಮೇಲಿಂದ ಬೆರಳು ತೆಗೆದ. ಹಂಪಣ್ಣನನ್ನು ಒಂದು ಗಳಿಗೆ ನೋಡಿದ.

"ಸರೇ. ನಿಮ್ಮ ಮಾತೇ ಫೈನಲ್ ಅಂದೀನಿ."

ಹಾಗೆ ಕೊನೆಗೆ ರಾಯದುರ್ಗದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಹೊನ್ನೂರಪ್ಪನಿಗೆ ಕೆಲಸ ಹೋಯಿತು. ಕಬ್ಬಿಣದ ದಪ್ಪ ಪಟ್ಟಿಗಳ ಚೌಕಟ್ಟು, ಮೇಲೆ ಜೋಡು ಹಲಗೆ, ಕಾಲುಗಳನ್ನು ನೆಲಕ್ಕೆ ಸಿಮೆಂಟ್ ಹಾಕಿ ಹೂಳುವುದು. ಎಲ್ಲವನ್ನೂ ಹಂಪಣ್ಣನೇ ಹೇಳಿದ. "ಭೂಮಿ ಅಲುಗಿದ್ರ ಮಾತ್ರ ಇದು ಅಲುಗಬೇಕು ನೋಡು, ಹೊನ್ನೂರಪ್ಪ."

"ಅಂಥದ್ದೇ ಮಾಡ್ತೀನ್ರಿ. ಆದ್ರ ಒಮ್ಮೆ ಹೂಳಿದ ಮ್ಯಾಲ ಎತ್ತರ ಆತು, ಗಿಡ್ಡ ಆತು ಅಂತ ನನ್ನ ಕರೀಬ್ಯಾಡ್ರಿ ಮತ್ತ," ಎಂದ ಹೊನ್ನೂರಪ್ಪ.

ಅಳತೆ ಹಿಡಿಯುವ ದಿನ ಬೆಳಿಗ್ಗೆ ಹಂಪಣ್ಣ ಬಿಸಿನೀರು ಹೊಯ್ದುಕೊಂಡು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತ. ಹಿಮ್ಮಡಿ ಗೋಡೆಗೆ ತಾಗಿತು, ಸೊಂಟ ತಾಗಿತು. ತಲೆ ತಾಗಲಿಲ್ಲ. ತಲೆಗೂ ಗೋಡೆಗೂ ನಡುವೆ ಒಂದು ಗೇಣು ಉಳಿಯಿತು. ಹಲ್ಲು ಕಚ್ಚಿ ಹಿಂದಕ್ಕೆ ಒತ್ತಿದ. ಬೆನ್ನೊಳಗೆ ಒಣ ಜಾಲಿ ಮುರಿದ ಹಾಗೆ ಸದ್ದಾಯಿತು.

ಪಂಪಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. "ಏನ್ರೀ ಅದು, ಹಲ್ಲಿ ಹಂಗ ಗೋಡಿಗೆ ಅಂಟೀರಿ?"

"ಇವತ್ತು ಅಳತಿ ಐತಿ."

"ಇದ್ದಂಗ ನಿಂದರ್ರಿ. ಇದ್ದಷ್ಟು ಅಳಿತಾರ. ಹೆಣ್ಣು ನೋಡಾಕ ಬರಾಕತ್ತಾರೇನು?"

ಇದ್ದಷ್ಟು ಅಳೆದರೆ ಏನಾಗುತ್ತದೆ ಎಂದು ಅವಳಿಗೆ ಹೇಳುವುದು ಹೇಗೆ? ಎಲ್ಲರೆದುರು ಟೇಪು ಹಿಡಿದು, ಉದ್ದ ಹಂಪಣ್ಣ ಇಷ್ಟೇ ಎಂದು ಗೊತ್ತಾದರೆ ಭಾನುಪ್ರಕಾಶ್ ಆ ಕ್ಷಣವೇ ಅಂಜಿನಿಯ ಕಡೆ ತಿರುಗುತ್ತಾನೆ. ಎದ್ದು ನಿಂತ ಮನುಷ್ಯನ ಅಳತೆ ಹಿಡಿಯಬೇಕೇ ಹೊರತು ಬಗ್ಗಿದವನದ್ದಲ್ಲ ಎನ್ನುತ್ತಾನೆ. ಹಂಪಣ್ಣ ಪ್ಯಾಂಟನ್ನು ಬಿಟ್ಟು ಪಂಚೆ ಉಟ್ಟುಕೊಂಡ. ಪಂಚೆಯ ಅಂಚು ನೆಲ ಗುಡಿಸುವ ಹಾಗೆ ಇಳಿಬಿಟ್ಟ.

"ಪೂಜಿ ಐತಲ್ಲ," ಎಂದ, ಯಾರೂ ಕೇಳದಿದ್ದರೂ.

ಶೆಡ್ಡಿನಲ್ಲಿ ಎಲ್ಲರೂ ಮಷಿನ್ ನಿಲ್ಲಿಸಿ ನೆರೆದಿದ್ದರು. ಹೊನ್ನೂರಪ್ಪ ಸೀಮೆಸುಣ್ಣ ಹಿಡಿದು ನಿಂತಿದ್ದ. ಹಂಪಣ್ಣ ಬರಿಗಾಲಲ್ಲಿ ಬಂದು ಕಂಬದ ಪಕ್ಕ ನಿಂತ. ಉಸಿರು ಒಳಗೆಳೆದು ಎದೆ ಎತ್ತಿದ. ಬೆನ್ನು ಸೀಳಿಹೋಗುವಂತಾದರೂ ಎತ್ತಿದ. ಆಮೇಲೆ, ಪಂಚೆಯ ಮರೆಯಲ್ಲಿ, ಹಿಮ್ಮಡಿಯನ್ನು ನೆಲದಿಂದ ಬಿಡಿಸಿ ಮುಂಗಾಲ ಮೇಲೆ ನಿಂತ. ಮೀನಖಂಡ ನಡುಗುತ್ತಿತ್ತು.

"ಅಬ್ಬಬ್ಬ!" ಎಂದಳು ಚೌಡೇಶ್ವರಿ. "ಹಂಪಣ್ಣ ಮಾವ ಇವತ್ತು ಧ್ವಜಸ್ತಂಭ ಆಗ್ಯಾನ."

ಹೊನ್ನೂರಪ್ಪ ಸೊಂಟದ ಮೂಳೆಯನ್ನು ಬೆರಳಿನಲ್ಲಿ ಹುಡುಕಿ ಟೇಪಿನ ಮೇಲ್ತುದಿ ಹಿಡಿದ. "ಯಾರರೆ ಕೆಳಗ ಹಿಡೀರಿ."

ಅಂಜಿನಿ ಕುಕ್ಕರಗಾಲಲ್ಲಿ ಕೂತ. ಟೇಪಿನ ಕೆಳತುದಿಯನ್ನು ಹಿಮ್ಮಡಿಯ ಪಕ್ಕ ನೆಲಕ್ಕೆ ಒತ್ತಲು ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಸರಿಸಿದ. ಹಂಪಣ್ಣನಿಗೆ ಆ ಬೆರಳುಗಳ ಗಾಳಿ ತನ್ನ ಹಿಮ್ಮಡಿಯ ಕೆಳಗೆ ತಾಗಿದ ಹಾಗೆನಿಸಿತು. ಕೆಳಗೆ ನೋಡಲಿಲ್ಲ. ಎದುರಿನ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೋಡುತ್ತ ನಿಂತ.

ಕೆಳಗಿನಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಸರಿ ಐತೆ," ಎಂದ ಅಂಜಿನಿ. "ಗುರ್ತು ಹಾಕ್ಕಳಿ."

ಕಾಯಿ ಒಡೆದರು. ಎಲ್ಲರಿಗೂ ಕೊಬ್ಬರಿ ಸಕ್ಕರೆ ಹಂಚಿದರು. ಭಾನುಪ್ರಕಾಶ್ ಹಂಪಣ್ಣನ ಹೆಗಲಿಗೆ ಶಾಲು ಹೊದಿಸಿದ. ಹಂಪಣ್ಣ ಸಂಜೆ ಮನೆಗೆ ಹೋಗಿ ಅಂಗಾತ ಮಲಗಿದ. ಪಂಪಮ್ಮ ಬೆನ್ನಿಗೆ ಎಣ್ಣೆ ತಿಕ್ಕುವಾಗ ಅವನು ನಗುತ್ತಿದ್ದುದನ್ನು ಕಂಡು ಅವಳಿಗೆ ಅರ್ಥವಾಗಲಿಲ್ಲ.

ಟೇಬಲ್ ಬಂತು. ಹತ್ತು ಆಳು ಹಿಡಿದು ಇಳಿಸಿ, ನೆಲ ಅಗೆದು, ಕಾಲು ಹೂತು, ಸಿಮೆಂಟ್ ಹಾಕಿ ನೀರು ಹನಿಸಿದರು. ಮೇಲೆ ನಿಂತು ಹೊನ್ನೂರಪ್ಪ ಕುಪ್ಪಳಿಸಿ ತೋರಿಸಿದ. ಅಲುಗಲಿಲ್ಲ. ಅಂಥ ಟೇಬಲ್ ಇಡೀ ಓಣಿಯಲ್ಲಿ ಇರಲಿಲ್ಲ.

ಹಂಪಣ್ಣ ಅದರ ಮುಂದೆ ನಿಂತ. ಹಲಗೆಯ ಅಂಚು ಅವನ ಹೊಕ್ಕುಳಿನ ಹತ್ತಿರ ಬಂದಿತ್ತು.

ಬಿಚ್ಚಿ ಹೇಳುವುದಾದರೆ ನಾಲ್ಕು ಬೆರಳಿನ ವ್ಯತ್ಯಾಸ. ಆದರೆ ಕಟಿಂಗ್ ಮಷಿನ್ ತಳ್ಳುವವನಿಗೆ ನಾಲ್ಕು ಬೆರಳು ಎಂದರೆ ಮೊಣಕೈ ಎತ್ತಿಕೊಂಡೇ ಇರಬೇಕು. ಸೊಂಟದ ಬಲ ಸಿಗುವುದಿಲ್ಲ, ಎಲ್ಲ ಭಾರ ಹೆಗಲಿಗೆ. ಮೊದಲ ದಿನ ಹೆಗಲು ಉರಿಯಿತು. ಕೆಲವು ದಿನಗಳಲ್ಲಿ ಊಟದ ತುತ್ತು ಬಾಯಿಗೆ ಹೋಗುವಾಗ ಕೈ ನಡುಗತೊಡಗಿತು. ನಿಲ್ಲಲು ಮಣೆ ಹಾಕಿಕೊಳ್ಳೋಣವೆಂದರೆ ಮಾಸ್ಟರ್ ಒಂದೇ ಕಡೆ ನಿಲ್ಲುವವನಲ್ಲ, ನಡೆಯುವವನು. ದಪ್ಪ ಅಟ್ಟೆಯ ಚಪ್ಪಲಿ ಹಾಕೋಣವೆಂದರೆ ಟೇಬಲ್ಲಿಗೆ ಪೂಜೆ ಆಗಿದೆ, ಆ ಸುತ್ತು ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಆ ಕಟ್ಟುನಿಟ್ಟು ಮಾಡಿದವನೂ ಹಂಪಣ್ಣನೇ, ಬಹಳ ಹಿಂದೆ.

ಕೊನೆಗೆ ಪಂಪಮ್ಮನಿಗೆ ಹೇಳಿದ. ಅವಳು ಬೈಯಲಿಲ್ಲ. ಶೆಡ್ಡಿನಿಂದ ಬಂದ ಡೆನಿಮ್ ಚಿಂದಿಯನ್ನು ಒಂದರ ಮೇಲೊಂದು ಇಟ್ಟು, ದಬ್ಬಳದಲ್ಲಿ ಹೊಲಿದು, ನಾಲ್ಕು ಬೆರಳು ದಪ್ಪದ ಎರಡು ಪಾದಗಳನ್ನು ಮಾಡಿಕೊಟ್ಟಳು. ಮೇಲೆ ಕಟ್ಟಿಕೊಳ್ಳಲು ನಾಡಾ.

"ಏನ್ ಮಾವ, ಕಾಲಿಗೆ ಹಾಸಿಗಿ ಕಟ್ಟಿ?" ಎಂದಳು ಚೌಡೇಶ್ವರಿ ಮೊದಲ ದಿನವೇ.

"ನೆಲ ತಣ್ಣಗೈತವ್ವ. ಕಾಲು ಹಿಡೀತಾವ."

"ರಾಯದುರ್ಗದಾಗ, ಈ ಬಿಸಲಾಗ, ನೆಲ ತಣ್ಣಗೈತಂತ ಕೇಳ್ರೇ!" ಅವಳು ಕತ್ತರಿ ಕೆಳಗಿಟ್ಟೇ ನಕ್ಕಳು. "ಆನಿ ನಡದಂಗ ನಡೀತಾನ ನೋಡ್ರೆ, ದಪ್ ದಪ್."

ಅಂದಿನಿಂದ ಅವನು ನಡೆದಾಗಲೆಲ್ಲ ಯಾರಾದರೊಬ್ಬರು ದಪ್ ದಪ್ ಎನ್ನುತ್ತಿದ್ದರು. ಭಾನುಪ್ರಕಾಶ್ ಮಾತ್ರ ತಿರುಗುವ ಕುರ್ಚಿಯನ್ನು ಟೇಬಲ್ಲಿನ ಕಡೆಗೆ ತಿರುಗಿಸಿಕೊಂಡು ಕೂರತೊಡಗಿದ. ಅಂಜಿನಿ ಎದುರು ತುದಿಯಲ್ಲಿ ಬಟ್ಟೆ ಹಾಸುತ್ತ ನಿಂತಿರುತ್ತಿದ್ದ. ಹಲಗೆಯ ಅಂಚು ಅವನ ಸೊಂಟಕ್ಕೆ ಅಳೆದು ಮಾಡಿಸಿದ ಹಾಗೆ ಕೂತಿರುತ್ತಿತ್ತು. ಅದನ್ನು ನೋಡಬಾರದೆಂದು ಹಂಪಣ್ಣ ಗೆರೆಯ ಮೇಲೆ ಕಣ್ಣಿಡುತ್ತಿದ್ದ.

ಚಿಂದಿಯ ಪಾದ, ಸಿಮೆಂಟ್ ನೆಲ, ನೆಲದ ತುಂಬ ಬಟ್ಟೆಯ ನುಣುಪಾದ ಧೂಳು. ಒಂದು ಮಧ್ಯಾಹ್ನ ದಪ್ಪ ಪದರದ ನಡುವೆ ಮಷಿನ್ ತಳ್ಳುತ್ತಿದ್ದಾಗ ಅವನ ಎಡಗಾಲು ಜಾರಿತು. ಅವನು ಮಷಿನ್ನಿನ ಹಿಡಿಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವನೊಬ್ಬನೇ ಬೀಳುತ್ತಿದ್ದ. ಅಲಗು ಗೆರೆ ಬಿಟ್ಟು ತೊಡೆಯ ಭಾಗದ ಮೇಲೆ ಅಡ್ಡಡ್ಡ ಓಡಿತು. ಮೇಲಿನಿಂದ ಕೆಳಗಿನ ತನಕ ಹಾಸಿದ್ದಷ್ಟೂ ಪದರ ಒಂದೇ ಏಟಿಗೆ ಚಿಂದಿಯಾಯಿತು.

ಮಷಿನ್ ನಿಂತಾಗ ಶೆಡ್ಡಿನ ಉಳಿದ ಮಷಿನ್ನುಗಳೂ ಒಂದೊಂದಾಗಿ ನಿಂತವು.

ಭಾನುಪ್ರಕಾಶ್ ಎದ್ದು ಬಂದ. ಕೂಗಲಿಲ್ಲ. ಸೀಳಿದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟ. "ಯಾಕ ಮಾಸ್ಟರ್?"

ಹಂಪಣ್ಣ ನೆಲದಿಂದ ಎದ್ದಿರಲಿಲ್ಲ. ಚಿಂದಿಯ ಒಂದು ಪಾದ ಕಳಚಿ ದೂರ ಬಿದ್ದಿತ್ತು. "ಟೇಬಲ್ಲು ಎತ್ತರ ಆಗೈತ್ರಿ," ಎಂದ.

"ಏನಂದ್ರಿ?"

"ನನಗ ಎತ್ತರ ಆಗೈತ್ರಿ. ಕಾಲು ಸೊಲ್ಪ ಕೊಯ್ಸಿದ್ರ..."

"ಹೌದಾ?" ಭಾನುಪ್ರಕಾಶ್ ಬಹಳ ಆಶ್ಚರ್ಯಪಟ್ಟವನ ಹಾಗೆ ಸುತ್ತ ನೋಡಿದ. "ನಿಮ್ಮ ಅಳತಿಗೇ ಮಾಡ್ಸಿದ್ದಲ್ರಿ? ಕಾಯಿ ಒಡದೇವಿ, ಕೊಬ್ರಿ ತಿಂದೇವಿ. ಹೊನ್ನೂರಪ್ಪ ತಪ್ಪು ಅಳದನೇನು? ಪಾಪ, ಅವನ ಹೆಸರು ಯಾಕ ಕೆಡಸಬೇಕು. ಮತ್ತೊಮ್ಮೆ ಅಳದೇ ಬಿಡೂನು. ಏಳ್ರಿ."

"ಬ್ಯಾಡ್ರಿ."

"ಏಳ್ರಿ ಮಾಸ್ಟರ್. ಎಲ್ಲಾರೂ ಬರ್ರಿ, ನೋಡ್ರಿ. ಆ ಹಾಸಿಗಿ ತೆಗೀರಿ ಕಾಲಿಂದು."

ಅವನೇ ಬಗ್ಗಿ ಉಳಿದ ಪಾದದ ನಾಡಾ ಬಿಚ್ಚಿದ. ಮಾಲೀಕನಾದವನು ಕಾಲು ಮುಟ್ಟುವುದನ್ನು ಕಂಡು ಹೆಂಗಸರು ಉಸಿರು ಹಿಡಿದರು. ಹಂಪಣ್ಣನನ್ನು ತೋಳು ಹಿಡಿದು ಎಬ್ಬಿಸಿ ಟೇಬಲ್ಲಿಗೆ ಒತ್ತಿ ನಿಲ್ಲಿಸಿದ. ಅಂದು ಹಂಪಣ್ಣ ಪ್ಯಾಂಟು ತೊಟ್ಟಿದ್ದ. ಹಿಮ್ಮಡಿ ಎಲ್ಲರಿಗೂ ಕಾಣುತ್ತಿತ್ತು. ಭಾನುಪ್ರಕಾಶ್ ಅವನ ಸೊಂಟದ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಅಲ್ಲಿಂದ ಹಲಗೆಯ ಅಂಚಿಗೆ ತನ್ನ ಉಳಿದ ಬೆರಳುಗಳನ್ನು ಒಂದೊಂದಾಗಿ ಜೋಡಿಸಿದ.

"ನಾಲಕ್ಕು," ಎಂದ. "ಈಗ ನೀವೇ ಹೇಳ್ರಿ. ಟೇಬಲ್ ಬೆಳೀತೋ, ನೀವ್ ಕುಗ್ಗಿದ್ರೋ?"

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಶೆಡ್ಡು ನಕ್ಕಿತು. ಚೌಡೇಶ್ವರಿ ಮಾತ್ರ ನಗಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹಂಪಣ್ಣನಿಗೆ ಅದು ಕಾಣಲಿಲ್ಲ. ಅವನ ಬಾಯಿ ತೆರೆಯಿತು. ಅಂದು ನಾನು ಮುಂಗಾಲಲ್ಲಿ ನಿಂತಿದ್ದೆ ಎನ್ನಬೇಕೆಂದಿದ್ದ. ಅಷ್ಟು ಜನರ ನಗುವಿನ ನಡುವೆ ಅದನ್ನು ಹೇಳಿದರೆ ಇನ್ನೊಂದು ನಗು ಏಳುತ್ತದೆ, ಅದು ಇದಕ್ಕಿಂತ ದೊಡ್ಡದು. ಬಾಯಿ ಮುಚ್ಚಿದ.

"ಅಂಜಿನಿ, ನೀ ನಿಂದ್ರು," ಎಂದ ಭಾನುಪ್ರಕಾಶ್.

"ಬ್ಯಾಡ ಬಿಡಿ ಸಾರ್," ಎಂದ ಅಂಜಿನಿ.

"ನಿಂದ್ರಲೇ."

ಅಂಜಿನಿ ನಿಂತ. ಅಳೆಯುವುದೇ ಬೇಕಿರಲಿಲ್ಲ.

ಹಂಪಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಅಪ್ಪನ ಕಾಲದವರು, ಹೊರಗೆ ಹಾಕಿದರೆ ಓಣಿಯಲ್ಲಿ ನನಗೆ ಮುಖ ಇರುತ್ತದೆಯೇ ಎಂದ ಭಾನುಪ್ರಕಾಶ್. ಕತ್ತರಿಸಿದ ತುಂಡುಗಳಿಗೆ ನಂಬರ್ ಚೀಟಿ ಹಚ್ಚಿ ಬಂಡಲ್ ಕಟ್ಟುವ ಕೆಲಸ ಕೊಟ್ಟ. ಅದು ಹೆಂಗಸರು ನೆಲದ ಮೇಲೆ ಕೂತು ಮಾಡುವ ಕೆಲಸ. ಶೆಡ್ಡಿನಲ್ಲಿ ಜಾಗ ಕಡಿಮೆ; ಬಂಡಲ್ಲುಗಳನ್ನು ಇಡುತ್ತಿದ್ದದ್ದು ಟೇಬಲ್ಲಿನ ಕೆಳಗೆ. ಅಲ್ಲೇ ಅವನಿಗೊಂದು ಗೋಣಿತಾಟು ಹಾಸಿದರು.

"ನೋಡ್ರಿ, ತಲಿ ತಾಗಂಗಿಲ್ಲ," ಎಂದ ಭಾನುಪ್ರಕಾಶ್, ಬಗ್ಗಿ ಒಳಗೆ ಇಣುಕಿ. "ಎತ್ತರ ಮಾಡ್ಸಿದ್ದು ಉಪಯೋಗಕ್ಕ ಬಂತು."

ಹಂಪಣ್ಣ ಬೇರೆ ಶೆಡ್ಡುಗಳಲ್ಲಿ ಕೆಲಸ ಕೇಳಿನೋಡಿದ. ಅವನು ಹೋಗುವ ಮೊದಲೇ ಕಥೆ ಹೋಗಿತ್ತು. ಒಬ್ಬ ಮಾಲೀಕ, ನಮ್ಮ ಟೇಬಲ್ಲೂ ಬೆಳೆಯುವ ಜಾತಿಯದೇ ಮಾಸ್ಟರ್ ಎಂದು ಕೈ ಮುಗಿದ. ಆಮೇಲೆ ಹಂಪಣ್ಣ ಎಲ್ಲಿಯೂ ಹೋಗಲಿಲ್ಲ. ಬೆಳಿಗ್ಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಟೇಬಲ್ಲಿಗೆ ಕೈ ಮುಗಿದು, ಅದರ ಕೆಳಗೆ ಸೇರುತ್ತಿದ್ದ. ನೆತ್ತಿಯ ಮೇಲೆ ಮಷಿನ್ ಗುಂಯ್ಗುಡುತ್ತ ಹೋಗುತ್ತಿತ್ತು, ಬರುತ್ತಿತ್ತು. ಹಲಗೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವನ ಕಣ್ಣೆದುರು ಅಂಜಿನಿಯ ಬರಿಗಾಲುಗಳು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದವು, ಹಿಮ್ಮಡಿ ನೆಲಕ್ಕೆ ಊರಿ.

ಅಂಜಿನಿ ಈಗಲೂ ಮಾಸ್ಟ್ರೇ ಎಂದೇ ಕರೆಯುತ್ತಿದ್ದ. ತುಂಡುಗಳನ್ನು ಕೆಳಗೆ ಕೊಡುವಾಗ, "ಮಾಸ್ಟ್ರೇ, ತಲೆ ಉಸಾರು," ಎನ್ನುತ್ತಿದ್ದ.

ಒಂದು ಭಾನುವಾರ ಅವನು ಎಂದಿನ ಹಾಗೆ ಊಟಕ್ಕೆ ಬಂದ. ಹಂಪಣ್ಣ ಗೋಡೆಗೆ ಒರಗಿ ಕೂತಿದ್ದ. ಪಂಪಮ್ಮ ರೊಟ್ಟಿ ಹಾಕಿದಳು, ಪುಂಡಿಪಲ್ಲೆ ಹಾಕಿದಳು. ಅವನು ಅರ್ಧ ಉಂಡ ಮೇಲೆ ಕೇಳಿದಳು.

"ಅಂಜಿನಿ, ಅವತ್ತು ಟೇಪು ಕೆಳಗ ಹಿಡಿದಾಂವ ನೀನ ಹೌದಿಲ್ಲೋ?"

"ಊಂ ಕಣಕ್ಕ."

"ಇವರ ಹಿಮ್ಮಡಿ ಎದ್ದಿತ್ತು. ಆಮ್ಯಾಲ ನನಗ ಹೇಳ್ಯಾರ. ನಿನಗ ಕಾಣಲಿಲ್ಲೇನು?"

ತುತ್ತು ಅವನ ಕೈಯಲ್ಲೇ ಉಳಿಯಿತು. ಹಂಪಣ್ಣ ಹೆಂಡತಿಯನ್ನು ಗದರಲಿಲ್ಲ. ಅಂಜಿನಿಯ ಮುಖವನ್ನೂ ನೋಡಲಿಲ್ಲ. ಅವನ ಕಾಲುಗಳನ್ನು ನೋಡುತ್ತಿದ್ದ, ರೂಢಿಯಾಗಿಬಿಟ್ಟಿತ್ತು.

"ನನ್ ಕಣ್ಣು ಟೇಪಿನ ಮೇಲಿತ್ತು ಕಣಕ್ಕ," ಎಂದ ಅಂಜಿನಿ.

ತಟ್ಟೆಯಲ್ಲಿದ್ದದ್ದನ್ನು ಪೂರಾ ಉಂಡ. ಕೈ ತೊಳೆದ. ಬತ್ತೀನಿ ಎಂದು ಹೇಳಿಯೇ ಹೋದ. ಮುಂದಿನ ಭಾನುವಾರ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅದೇ ವರ್ಷ ಕೃಷ್ಣವೇಣಿಯನ್ನು ಊರಿನಿಂದ ಕರೆತಂದು ಬೇರೆ ಓಣಿಯಲ್ಲಿ ಮನೆ ಮಾಡಿದ.

ಟೇಪಿನ ತುದಿ ಇದ್ದದ್ದು ಹಿಮ್ಮಡಿಯ ಪಕ್ಕದಲ್ಲಿ. ಪಂಚೆಯ ಅಂಚು ಸರಿಸಿದ ಮೇಲೆ ಒಂದನ್ನು ನೋಡಿ ಇನ್ನೊಂದನ್ನು ನೋಡದಿರುವುದು ಹೇಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ನೋಡಿಯೂ, ಅಷ್ಟು ಜನರೆದುರು ಗುರುವಿನ ಮಾನ ಉಳಿಯಲಿ ಎಂದು ಸುಮ್ಮನಾಗಿರಬಹುದು. ಈ ಟೇಬಲ್ಲು ನನಗೆ ಸರಿಹೋಗುತ್ತದೆ ಎಂದು ಆ ಸ್ವಲ್ಪ ಹೊತ್ತಿನಲ್ಲಿ ಲೆಕ್ಕ ಹಾಕಿಯೂ ಇರಬಹುದು. ಭಾನುಪ್ರಕಾಶನಿಗೆ ಹಂಪಣ್ಣನ ಅಂಜಿಕೆ ಬಳ್ಳಾರಿಯಲ್ಲೇ ತಿಳಿದಿತ್ತು ಎನ್ನುವವರೂ ಇದ್ದಾರೆ. ನನಗೆ ಗೊತ್ತಿಲ್ಲ. ಹಂಪಣ್ಣನಿಗೂ ಗೊತ್ತಿಲ್ಲ. ದಿನವೂ ಆ ಕಾಲುಗಳ ಪಕ್ಕದಲ್ಲೇ ಕೂತಿರುತ್ತಾನೆ, ಇದುವರೆಗೆ ಕೇಳಿಲ್ಲ.